ಟೊಮೆಟೊ ಸಾಲಿನಲ್ಲಿ ಬುಡ್ಡೆ ಕಟ್ಟಿದ ಗಿಡ ಯಾವುದು?

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಟೊಮೆಟೊ, ಬದನೆ, ಮೆಣಸಿನ ಗಿಡ ಹಾಕಿದ್ದೇವೆ. ಮಳೆ ನಿಂತ ಮೇಲೆ ಟೊಮೆಟೊ ಸಾಲಿನ ನಡುವೆ ನಾವು ನೆಡದ ಗಿಡವೊಂದು ಎದ್ದು ಈಗ ಮೊಣಕಾಲುದ್ದ ಬೆಳೆದಿದೆ. ತುಂಬಾ ಹಸಿರು ಬುಡ್ಡೆಗಳು ತೂಗಾಡುತ್ತಿವೆ. ಒಂದನ್ನು ಬಿಡಿಸಿದರೆ ಒಳಗೆ ಗೋಲಿಯಷ್ಟು ಕಾಯಿ. ನಮ್ಮತ್ತೆ ಬುಡ್ಡೆ ಹಣ್ಣು ಅಂತಾರೆ. ಪಕ್ಕದ ಮನೆಯವರು ಅಶ್ವಗಂಧ, ಬೇರು ಕಿತ್ತು ಒಣಗಿಸಿ ಅಂತಾರೆ. ಮಗನ ಮೊಬೈಲ್ ಆ್ಯಪ್ ಗೋಲ್ಡನ್ ಬೆರಿ ಎಂದಿತು. ನಾಲ್ಕು ವರ್ಷದ ಮೊಮ್ಮಗಳು ಅದರ ಸುತ್ತಲೇ ಓಡಾಡುತ್ತಾಳೆ. ತಿನ್ನಬಹುದೇ? ಇಟ್ಟುಕೊಳ್ಳಬೇಕೇ, ಕೀಳಬೇಕೇ? ಎರಡು ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮತ್ತೆಯವರು ಹೇಳಿದ್ದೇ ಸರಿ. ಫೋಟೊಗಳಲ್ಲಿ ಕಾಣುತ್ತಿರುವುದು ಬುಡ್ಡೆ ಹಣ್ಣಿನ ಗಿಡ. ಕೆಲವು ಕಡೆ ಇದನ್ನೇ ಗುಪ್ಪಟೆ ಹಣ್ಣು, ಗುಡ್ಡೆ ಹಣ್ಣು ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಫೈಸಲಿಸ್ ಅಂಗ್ಯುಲೇಟಾ. ನಮ್ಮ ಹಳೆಯ ಸಸ್ಯ ಗ್ರಂಥಗಳಲ್ಲಿ ಫೈಸಲಿಸ್ ಮಿನಿಮಾ ಎಂದು ದಾಖಲಾಗಿರುವ ಗಿಡಗಳಲ್ಲಿ ಬಹಳಷ್ಟನ್ನು ಈಗ ಇದರ ಜೊತೆಗೇ ಸೇರಿಸುತ್ತಾರೆ. ಹಾಗಾಗಿ ಎರಡು ಹೆಸರೂ ಕಣ್ಣಿಗೆ ಬಿದ್ದರೆ ಗೊಂದಲ ಬೇಡ. ಅಶ್ವಗಂಧ ಇದಲ್ಲ. ಆ್ಯಪ್ ಸರಿಯಾದ ಕುಲಕ್ಕೆ, ಅಂದರೆ ಫೈಸಲಿಸ್‌ಗೆ, ಬಂದು ಅದರೊಳಗಿನ ಜಾತಿಯಲ್ಲಿ ತಪ್ಪಿದೆ. ಆದರೆ ಮೊಮ್ಮಗಳ ಬಾಯಿಗೆ ಒಂದು ಹಣ್ಣು ಹೋಗುವ ಮೊದಲು, ಫೋಟೊದಲ್ಲಿ ನನಗೆ ಸ್ಪಷ್ಟವಾಗಿ ಕಾಣದ ಎರಡು ಸಂಗತಿಗಳನ್ನು ನೀವೇ ಗಿಡದ ಬಳಿ ಕೂತು ನೋಡಬೇಕು. ಅವನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಮೂರು ಜನ ಮೂರು ಹೆಸರು ಹೇಳಲು ಕಾರಣವಿದೆ. ಎಲ್ಲರೂ ನೋಡಿದ್ದು ಬುಡ್ಡೆಯನ್ನು. ಕಣ್ಣಿಗೆ ಮೊದಲು ಬೀಳುವುದೂ ಅದೇ. ಗಿಡ ಗುರುತಿಸುವಾಗ ದಾರಿ ತಪ್ಪಿಸುವುದೂ ಅದೇ. ಹೂವಿನ ಬುಡದಲ್ಲಿ ಹಸಿರು ಬಟ್ಟಲು ಇರುತ್ತದಲ್ಲ, ಅದನ್ನು ಪುಷ್ಪಪಾತ್ರೆ ಎನ್ನುತ್ತೇವೆ. ಟೊಮೆಟೊದಲ್ಲಿ ಅದು ಹಣ್ಣಿನ ತೊಟ್ಟಿನ ಹತ್ತಿರ ನಕ್ಷತ್ರವಾಗಿ ಚಿಕ್ಕದಾಗಿಯೇ ಉಳಿಯುತ್ತದೆ. ಬದನೆಯಲ್ಲಿ ಟೊಪ್ಪಿಗೆಯಾಗಿ ಅಂಟಿಕೊಳ್ಳುತ್ತದೆ. ಈ ಗಿಡದಲ್ಲಿ ಹೂ ಫಲಿತವಾದ ಕೂಡಲೇ ಅದು ಊದಲು ಶುರುಮಾಡಿ, ಕಾಯಿಯನ್ನು ಮುಟ್ಟದೆ ಸುತ್ತಲೂ ಗಾಳಿಯ ಜಾಗ ಬಿಟ್ಟು ಮುಚ್ಚಿಕೊಳ್ಳುತ್ತದೆ. ಈ ಏರ್ಪಾಡು ಎಷ್ಟು ಹಳೆಯದೆಂದರೆ, ಅರ್ಜೆಂಟೀನಾದ ಪಟಗೋನಿಯಾದಲ್ಲಿ ಬುಡ್ಡೆ ಸಮೇತ ಕಲ್ಲಾಗಿ ಸಿಕ್ಕ ಹಣ್ಣಿನ ಪಳೆಯುಳಿಕೆಗೆ ಸುಮಾರು 5.2 ಕೋಟಿ ವರ್ಷ ಎಂದು 2017ರಲ್ಲಿ ವರದಿಯಾಯಿತು. ಬುಡ್ಡೆ ಬರೀ ಹೊದಿಕೆಯಲ್ಲ. ಕಾಯಿ ಬಲಿಯುವ ಮೊದಲ ದಿನಗಳಲ್ಲಿ ಅದರ ಹಸಿರೇ ಕಾಯಿಗೆ ಆಹಾರ ಒದಗಿಸುತ್ತದೆ. ಆದ್ದರಿಂದ ನೋಡುವ ಆಸೆಗೆ ಎಲ್ಲ ಬುಡ್ಡೆಗಳನ್ನೂ ಬಿಡಿಸಬೇಡಿ, ಒಂದು ಸಾಕು.

ಇದೇ ಬಗೆಯ ಬುಡ್ಡೆ ನಮ್ಮ ಕಡೆ ಕಾಣುವ ಇನ್ನೂ ಮೂರ್ನಾಲ್ಕು ಗಿಡಗಳಲ್ಲಿ ಇದೆ. ಅವುಗಳಲ್ಲಿ ಕೆಲವು ತಿನ್ನುವಂಥವಲ್ಲ. ಹಾಗಾಗಿ ನಾನು ಯಾವಾಗಲೂ ಮೊದಲು ಕೇಳುವುದು ಹಣ್ಣಿನ ಬಗ್ಗೆ ಅಲ್ಲ. ಹೂ ಎಲ್ಲಿ ಹುಟ್ಟಿದೆ, ಎಷ್ಟು ಹುಟ್ಟಿವೆ, ಒಳಗೆ ಬಣ್ಣ ಏನು, ಕಾಂಡ ಮುಟ್ಟಿದರೆ ಹೇಗಿದೆ ಎಂದು.

ನಿಮ್ಮ ಎರಡನೆಯ ಫೋಟೊದಲ್ಲಿ ಬಲಗಡೆಯ ಕೊಂಬೆಯನ್ನು ದೊಡ್ಡದು ಮಾಡಿ ನೋಡಿ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಒಂದೇ ಒಂದು ಹೂ, ತೆಳ್ಳಗಿನ ತೊಟ್ಟಿನಲ್ಲಿ ತಲೆ ತಗ್ಗಿಸಿಕೊಂಡಿದೆ. ಅದರ ಮೇಲಿನ ಕಂಕುಳಲ್ಲೂ ಒಂದೇ ಬುಡ್ಡೆ, ಕೆಳಗಿನದರಲ್ಲೂ ಒಂದೇ. ನಾನು ಇಷ್ಟು ಖಚಿತವಾಗಿ ಮಾತಾಡುತ್ತಿರುವುದು ಈ ಒಂಟಿ ಹೂವಿನ ಬಲದ ಮೇಲೆ. ಅಶ್ವಗಂಧದಲ್ಲಿ ಹಾಗಿರುವುದಿಲ್ಲ. ಅಲ್ಲಿ ಎಲೆಕಂಕುಳಲ್ಲಿ ನಾಲ್ಕಾರು ಪುಟ್ಟ ಹೂಗಳು ತೊಟ್ಟೇ ಇಲ್ಲವೇನೋ ಅನ್ನುವಷ್ಟು ಒತ್ತಾಗಿ ಕೂತಿರುತ್ತವೆ. ಬಣ್ಣ ಹಸಿರುಮಿಶ್ರಿತ ಹಳದಿ. ಗುಂಪಾಗಿ ಹೂ ಬಿಡುವುದರಿಂದ ಬುಡ್ಡೆಗಳೂ ಗುಂಪಾಗಿಯೇ ಬರುತ್ತವೆ. ಅಳತೆಯಲ್ಲೂ ಅವು ನಿಮ್ಮ ಗಿಡದ ಬುಡ್ಡೆಗಿಂತ ಚಿಕ್ಕವು. ಒಳಗಿನ ಹಣ್ಣು ಬಟಾಣಿಯಷ್ಟಿದ್ದು, ಮಾಗಿದಾಗ ಕಿತ್ತಳೆಗೆಂಪು ಬಣ್ಣಕ್ಕೆ ತಿರುಗುತ್ತದೆ. ಇಡೀ ಗಿಡದ ಮೇಲೆ, ಅದರಲ್ಲೂ ಎಳೆಯ ಕೊಂಬೆ ಮತ್ತು ಎಲೆಯ ಹಿಂಬದಿಯಲ್ಲಿ, ಬೂದು ಬಣ್ಣದ ನವಿರು ರೋಮ ಇರುತ್ತದೆ. ದೂರದಿಂದ ನೋಡಿದರೆ ಗಿಡಕ್ಕೆ ಧೂಳು ಹಿಡಿದಿದೆ ಅನ್ನಿಸುತ್ತದೆ. ಅಶ್ವಗಂಧ ವರ್ಷಗಟ್ಟಲೆ ನಿಲ್ಲುವ ಕುರುಚಲು ಗಿಡ, ಬುಡ ಕಟ್ಟಿಗೆಯಾಗುತ್ತದೆ. ನಿಮ್ಮದು ರಸಭರಿತ ಕಾಂಡದ, ಒಂದು ಹಂಗಾಮಿನಲ್ಲಿ ಬಾಳು ಮುಗಿಸುವ ಗಿಡ.

ಪಕ್ಕದ ಮನೆಯವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಬುಡ್ಡೆ ಹಣ್ಣಿನ ಗಿಡದ ಬೇರನ್ನು ಅಶ್ವಗಂಧವೆಂದು ಪುಡಿ ಮಾಡಿ ಹಾಲಿಗೆ ಹಾಕಿ ಕುಡಿಯುವುದು ಸರಿಯಲ್ಲ. ಈ ಗಿಡದ ಎಲೆ, ಕಾಂಡಗಳಲ್ಲಿ ಫೈಸಲಿನ್ ಎಂಬ ಕಹಿ ಸಂಯುಕ್ತಗಳಿವೆ. ಹಳ್ಳಿ ಮದ್ದಿನಲ್ಲಿ ಗಿಡವನ್ನು ಬಳಸುವುದುಂಟು. ಅದು ಅಳತೆ ಬಲ್ಲವರ ಕೆಲಸ. ನಿಜವಾದ ಅಶ್ವಗಂಧವೇ ಆಗಿದ್ದರೂ ಹಿತ್ತಲಿಂದ ಕಿತ್ತು ಮನೆಮಂದಿಗೆಲ್ಲ ಕೊಡುವ ವಸ್ತು ಅಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಇನ್ನು ಆ್ಯಪ್ ಹೇಳಿದ ಗೋಲ್ಡನ್ ಬೆರಿ. ಹಣ್ಣಿನ ಅಂಗಡಿಗಳಲ್ಲಿ ರಸಭರಿ ಎಂದೋ ಕೇಪ್ ಗೂಸ್‌ಬೆರಿ ಎಂದೋ ಮಾರುವುದು ಇದನ್ನೇ. ಸಸ್ಯಶಾಸ್ತ್ರೀಯ ಹೆಸರು ಫೈಸಲಿಸ್ ಪೆರುವಿಯಾನಾ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಗಿಡ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ 19ನೇ ಶತಮಾನದ ಆರಂಭದ ಹೊತ್ತಿಗೇ ಬೇಸಾಯಕ್ಕೆ ಬಂದದ್ದರಿಂದ ಅದಕ್ಕೆ ಕೇಪ್ ಎಂಬ ಹೆಸರು ಅಂಟಿತು. ಅದಕ್ಕೆ ತಂಪು ಬೇಕು. ನಮ್ಮಲ್ಲಿ ನೀಲಗಿರಿಯಂಥ ಎತ್ತರದ ಕಡೆ ತಾನಾಗಿ ಬೆಳೆದು ನೆಲೆಯೂರಿದೆ. ಬಯಲುಸೀಮೆಯಲ್ಲಿ ಯಾರಾದರೂ ಹಾಕಿ ನೋಡಿಕೊಂಡರೆ ಚಳಿಗಾಲದಲ್ಲಿ ಬರುತ್ತದೆ. ಕಳೆಯಾಗಿ ಟೊಮೆಟೊ ಸಾಲಲ್ಲಿ ಏಳುವುದು ಅಪರೂಪ.

ಇವೆರಡನ್ನು ಬೇರೆ ಮಾಡಲು ನೀವು ನೋಡಬೇಕಾದ ಎರಡು ಸಂಗತಿ ಇಲ್ಲಿವೆ. ಮೊದಲನೆಯದು ಸ್ಪರ್ಶ. ಎಳೆಯ ಕಾಂಡವನ್ನೂ ಎಲೆಯನ್ನೂ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಗೋಲ್ಡನ್ ಬೆರಿಯಾದರೆ ಮಖಮಲ್ಲಿನ ಹಾಗೆ ಮೆತ್ತಗಿನ ರೋಮ ದಟ್ಟವಾಗಿ ಸಿಗುತ್ತದೆ. ಎಲೆಯ ಬುಡ ಹೃದಯಾಕಾರವಾಗಿ ಒಳಕ್ಕೆ ಬಾಗಿರುತ್ತದೆ. ಬುಡ್ಡೆ ಹಣ್ಣಿನ ಗಿಡವಾದರೆ ಕಾಂಡ ನುಣುಪು, ಹೆಚ್ಚೆಂದರೆ ಅಲ್ಲೊಂದು ಇಲ್ಲೊಂದು ರೋಮ. ಕಾಂಡಕ್ಕೆ ಏಣುಗಳಿರುತ್ತವೆ, ಬೆರಳಲ್ಲಿ ಉರುಳಿಸಿದರೆ ಮೂಲೆ ಮೂಲೆಯಾಗಿರುವುದು ಗೊತ್ತಾಗುತ್ತದೆ. ಎಲೆಯ ಅಂಚಿನಲ್ಲಿ ಸಮನಿಲ್ಲದ ಹಲ್ಲುಗಳು. ನಿಮ್ಮ ಮೊದಲ ಫೋಟೊದಲ್ಲಿ ಆ ಹಲ್ಲುಗಳು ಚೆನ್ನಾಗಿಯೇ ಕಾಣುತ್ತವೆ.

ಎರಡನೆಯದು ಹೂವಿನ ಒಳಗು. ಹೂ ಪೂರ್ತಿ ಅರಳುವ ಹೊತ್ತು ನೋಡಿಕೊಂಡು, ಬಿಸಿಲೇರಿದ ಮೇಲೆ ಹೋಗಿ, ಬಗ್ಗಿರುವ ಹೂವನ್ನು ಬೆರಳ ತುದಿಯಿಂದ ಮೇಲಕ್ಕೆತ್ತಿ ಒಳಗೆ ನೋಡಿ. ಗೋಲ್ಡನ್ ಬೆರಿಯ ಹಳದಿ ಹೂವಿನೊಳಗೆ ಐದು ಗಾಢ ಕಂದುನೇರಳೆ ಮಚ್ಚೆಗಳು ಎದ್ದು ಕಾಣುತ್ತವೆ. ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಬುಡ್ಡೆ ಹಣ್ಣಿನ ಹೂ ಇನ್ನೂ ಚಿಕ್ಕದು, ಪೇಲವ ಹಳದಿ. ಒಳಗೆ ಮಚ್ಚೆ ಇರುವುದೇ ಇಲ್ಲ ಅಥವಾ ಮಸುಕಾಗಿ ಇರುತ್ತದೆ. ಹಣ್ಣಾದ ಮೇಲಂತೂ ಇನ್ನೂ ಸುಲಭ. ಗೋಲ್ಡನ್ ಬೆರಿ ಒಳ್ಳೆಯ ಕಿತ್ತಳೆ ಬಣ್ಣಕ್ಕೆ ಬಂದು ಎರಡು ಸೆಂಟಿಮೀಟರ್‌ವರೆಗೂ ದಪ್ಪವಾಗುತ್ತದೆ. ಬುಡ್ಡೆ ಹಣ್ಣು ಒಂದು ಸೆಂಟಿಮೀಟರ್ ಆಸುಪಾಸು, ಮಾಗಿದರೂ ಹಸಿರು ಬೆರೆತ ತಿಳಿಹಳದಿ.

ಈ ಎರಡು ಪರೀಕ್ಷೆಯಲ್ಲಿ ಉತ್ತರ ಯಾವ ಕಡೆ ಬಂದರೂ ಭಯವಿಲ್ಲ. ಎರಡೂ ಹಣ್ಣು ಮಾಗಿದ ಮೇಲೆ ತಿನ್ನುವಂಥವೇ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಹೂ ಬೇರೆಯೇ ಬಣ್ಣದ್ದಾಗಿದ್ದರೆ ಏನು ಮಾಡಬೇಕು ಎಂಬ ಕಾರಣಕ್ಕೆ. ಹೂ ಹಳದಿಯ ಬದಲು ತಿಳಿನೇರಳೆ ಅಥವಾ ನೀಲಿ ಇದ್ದರೆ ಅದು ನಿಕಾಂಡ್ರಾ. ಇದೂ ಗೋಲ್ಡನ್ ಬೆರಿಯ ಹಾಗೆ ದಕ್ಷಿಣ ಅಮೆರಿಕದ, ಪೆರು ಕಡೆಯ ಮೂಲದ್ದೇ. ನಮ್ಮ ಬೆಟ್ಟದ ಸೀಮೆಗಳಲ್ಲಿ ತರಕಾರಿ ಹೊಲಗಳ ಅಂಚಿಗೆ ಕಳೆಯಾಗಿ ಬೆಳೆಯುತ್ತದೆ. ಹೂ ದೊಡ್ಡದು, ಮಧ್ಯೆ ಬಿಳಿ. ಇದರ ಬುಡ್ಡೆಯೂ ಊದಿಕೊಳ್ಳುತ್ತದೆ. ಆದರೆ ಅದು ಒಂದೇ ಚೀಲವಲ್ಲ, ಐದು ಎಸಳುಗಳು ಬುಡದವರೆಗೂ ಬೇರೆ ಬೇರೆಯಾಗಿಯೇ ಇದ್ದು ಅಂಚಿಗೆ ಅಂಚು ಒತ್ತಿಕೊಂಡಿರುತ್ತವೆ. ಬುಡದಲ್ಲಿ ಪ್ರತಿ ಎಸಳಿಗೂ ಚೂಪಾದ ಕಿವಿಗಳಿರುತ್ತವೆ. ಒಳಗಿನ ಹಣ್ಣಿನಲ್ಲಿ ರಸವಿರುವುದಿಲ್ಲ, ಒಣಗಿ ಕಂದಾಗುತ್ತದೆ. ಅದು ತಿನ್ನುವ ಹಣ್ಣಲ್ಲ. ನಿಮ್ಮ ಗಿಡದಲ್ಲಿ ಬುಡ್ಡೆ ಹತ್ತು ನರಗಳಿರುವ ಒಂದೇ ಚೀಲವಾಗಿದೆ, ಹಾಗಾಗಿ ನಿಕಾಂಡ್ರಾ ಅಲ್ಲವೆಂದು ಫೋಟೊದಿಂದಲೇ ಹೇಳಬಲ್ಲೆ. ಕೊಡಗಿನಲ್ಲೋ ಚಿಕ್ಕಮಗಳೂರಿನ ಮೇಲ್ಭಾಗದಲ್ಲೋ ಇರುವ ಓದುಗರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಬೇಕು.

ಬಳ್ಳಿಯಾಗಿ ನುಲಿಕುಡಿ ಚಾಚಿಕೊಂಡು ಬೇಲಿ ಹತ್ತಿದ್ದರೆ, ಬುಡ್ಡೆಯೊಳಗೆ ರಸದ ಹಣ್ಣಿಲ್ಲದೆ ಬಿಳಿ ಹೃದಯದ ಗುರುತಿರುವ ಕಪ್ಪು ಬೀಜ ಇದ್ದರೆ, ಅದು ಅಗ್ನಿಬಳ್ಳಿ. ಅದರ ಕುಟುಂಬವೇ ಬೇರೆ. ಬೆಂಗಳೂರಿನ ತಾರಸಿ ತೋಟದವರು ಬೀಜ ತರಿಸಿ ಬೆಳೆಸುವ ಟೊಮ್ಯಾಟಿಲ್ಲೊ ಎಂಬ ಮೆಕ್ಸಿಕೊದ ತರಕಾರಿಯೂ ಇದೇ ಫೈಸಲಿಸ್ ಕುಲದ್ದು. ಅದರ ಕಾಯಿ ಬುಡ್ಡೆಯನ್ನು ತುಂಬಿ ಹರಿದುಬಿಡುತ್ತದೆ, ಮುಟ್ಟಿದರೆ ಕೈಗೆ ಅಂಟುತ್ತದೆ.

ಬುಡ್ಡೆಯೇ ಇಲ್ಲದೆ ಬರೀ ಕಪ್ಪು ಹಣ್ಣಿನ ಗೊಂಚಲು ಇದ್ದರೆ ಗಣಿಕೆ ಸೊಪ್ಪು, ಕೆಲವರು ಕಾಗೆ ಸೊಪ್ಪು ಎನ್ನುವುದು. ಅದಕ್ಕೆ ಬಿಳಿ ಹೂ, ಅದೂ ಗೊಂಚಲಲ್ಲಿ. ತರಕಾರಿ ಮಡಿಯಲ್ಲಿ ಕರೆಯದೆ ಬರುವ ಗಿಡಗಳಲ್ಲಿ ಬುಡ್ಡೆ ಹಣ್ಣಿನಷ್ಟೇ ಸಾಮಾನ್ಯ ಇದು. ಬಾಯಿಹುಣ್ಣಿಗೆ ಇದರ ತಂಬುಳಿ ಮಾಡುವವರು ಇಂದಿಗೂ ಇದ್ದಾರೆ. ಇಂಗ್ಲಿಷ್ ಪುಸ್ತಕ ನೋಡಿ ಇದನ್ನು ಬೆಲ್ಲಡೋನಾ ಎಂಬ ಘೋರ ವಿಷದ ಗಿಡವೆಂದು ಹೆದರಿ ಕಿತ್ತೆಸೆಯುವವರ ಪತ್ರಗಳೂ ಬರುತ್ತವೆ. ಬೆಲ್ಲಡೋನಾ ನಮ್ಮ ಬಯಲುಸೀಮೆಯ ಹಿತ್ತಲಲ್ಲಿ ತಾನಾಗಿ ಬೆಳೆಯುವ ಗಿಡವಲ್ಲ. ಅದರ ಹಣ್ಣು ಗೊಂಚಲಲ್ಲ, ಒಂಟಿ. ನಮ್ಮ ಹಿತ್ತಲಲ್ಲಿ ನಿಜಕ್ಕೂ ಹೆದರಬೇಕಾದ್ದು ದತ್ತೂರಿಗೆ. ಸಸಿಯಾಗಿದ್ದಾಗ ಅದೂ ಬದನೆ ಸಸಿಯನ್ನೇ ಹೋಲುತ್ತದೆ. ಉದ್ದನೆಯ ತುತ್ತೂರಿ ಹೂ, ಮುಳ್ಳಿನ ಕಾಯಿ ಬಂದ ಮೇಲೆ ಯಾರಿಗೂ ಗೊತ್ತಾಗುತ್ತದೆ. ಅದು ಕಂಡರೆ, ಮಗು ಓಡಾಡುವ ಜಾಗದಲ್ಲಿ ಒಂದು ದಿನವೂ ಬಿಡಬೇಡಿ.

ಈಗ ಮೊಮ್ಮಗಳ ವಿಷಯ. ಹಸಿರು ಕಾಯಿ ತಿನ್ನಕೂಡದು. ಎಲೆ ಕೂಡದು, ಬುಡ್ಡೆಯ ಸಿಪ್ಪೆಯೂ ಕೂಡದು. ಬದನೆ ಕುಟುಂಬದ ಹಲವು ಗಿಡಗಳ ಎಳೆಗಾಯಿಯಲ್ಲಿ ಸೋಲನೈನ್ ಬಗೆಯ ಸಸ್ಯಕ್ಷಾರಗಳಿರುತ್ತವೆ. ಹೊಟ್ಟೆನೋವು, ವಾಂತಿ, ಭೇದಿ ತರಿಸುತ್ತವೆ. ಹಸಿರು ಕಟ್ಟಿದ ಆಲೂಗಡ್ಡೆ ಬೇಡ ಅನ್ನುವುದೂ ಇದಕ್ಕೇ. ಹಣ್ಣು ಮಾಗುತ್ತಾ ಬಂದಂತೆ ಇವು ಕಡಿಮೆಯಾಗುತ್ತವೆ. ಮಾಗಿದ್ದನ್ನು ತಿಳಿಯಲು ಗಿಡವೇ ದಾರಿ ತೋರಿಸುತ್ತದೆ. ಬುಡ್ಡೆ ಹಸಿರು ಕಳೆದುಕೊಂಡು ಒಣಹುಲ್ಲಿನ ಬಣ್ಣಕ್ಕೆ ಬಂದು ಕಾಗದದ ಸದ್ದು ಮಾಡುತ್ತದೆ, ಆಮೇಲೆ ಹಣ್ಣು ಸಮೇತ ತಾನೇ ನೆಲಕ್ಕೆ ಉದುರುತ್ತದೆ. ಗಿಡದಿಂದ ಕೀಳದೆ, ಉದುರಿದ್ದನ್ನು ಮಾತ್ರ ಆರಿಸಿಕೊಳ್ಳಿ. ಬುಡ್ಡೆ ಬಿಡಿಸಿ ಹಣ್ಣು ಹಳದಿಯಾಗಿದೆಯೇ ನೋಡಿ. ಉದುರಿಯೂ ಕಡುಹಸಿರಿದ್ದರೆ ಗಾಳಿಗೋ ಹುಳಕ್ಕೋ ಬಿದ್ದದ್ದು, ಎಸೆಯಿರಿ. ತೊಳೆದು ಮೊದಲು ದೊಡ್ಡವರು ಒಂದು ತಿಂದು ನೋಡಿ. ಸಿಹಿಹುಳಿ ಇದ್ದರೆ ಸರಿ, ಕಹಿ ಬಂದರೆ ಉಗಿದುಬಿಡಿ. ಮಗುವಿಗೆ ಒಂದೆರಡು ಕೊಟ್ಟರೆ ಸಾಕು, ಬಟ್ಟಲು ತುಂಬ ಬೇಡ.

ಇಲ್ಲೊಂದು ಮಾತು ಸೇರಿಸಲೇಬೇಕು. ರುಚಿ ನೋಡುವುದು ಗಿಡ ಯಾವುದೆಂದು ತಿಳಿದ ಮೇಲಿನ ಕೆಲಸ. ಗಿಡ ಯಾವುದೆಂದು ತಿಳಿಯಲು ರುಚಿ ನೋಡಬಾರದು. ‘ಹಕ್ಕಿ ತಿನ್ನುತ್ತಿದೆ, ಹಾಗಾಗಿ ನಾವೂ ತಿನ್ನಬಹುದು’ ಎಂಬ ಲೆಕ್ಕವೂ ಅಪಾಯದ್ದು. ನಮಗೆ ವಿಷವಾದ ಎಷ್ಟೋ ಹಣ್ಣುಗಳನ್ನು ಹಕ್ಕಿಗಳು ಆರಾಮವಾಗಿ ತಿನ್ನುತ್ತವೆ. ಮಗುವಿಗೂ ಈಗಿನಿಂದಲೇ ‘ಅಜ್ಜಿಗೆ ತೋರಿಸಿ ತಿನ್ನು’ ಎಂದು ಅಭ್ಯಾಸ ಮಾಡಿಸಿ. ಬುಡ್ಡೆಯನ್ನು ಹಣೆಗೆ ಹೊಡೆದು ಟಪ್ ಅನ್ನಿಸುವ ಆಟ ನಿಮ್ಮತ್ತೆಯವರಿಗೆ ಗೊತ್ತಿರಬಹುದು. ಅದನ್ನು ಕಲಿಸಲು ಯಾವ ಅಡ್ಡಿಯೂ ಇಲ್ಲ, ಆಡಿದ ಮೇಲೆ ಕೈ ತೊಳೆಸಿ. ಎಂದಾದರೂ ಹಸಿರು ಕಾಯಿ ನುಂಗಿ ವಾಂತಿ, ಮಂಪರು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಕಾಯಿ, ಎಲೆ ಇರುವ ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಗಿಡ ಎಲ್ಲಿಂದ ಬಂತು ಎಂದು ನೀವು ಕೇಳಿಲ್ಲ, ಆದರೆ ಇಟ್ಟುಕೊಳ್ಳಬೇಕೇ ಎಂಬುದಕ್ಕೆ ಅದು ಬೇಕಾದ ಮಾತು. ಒಂದು ಹಣ್ಣಿನಲ್ಲಿ ಸಣ್ಣ ಚಪ್ಪಟೆ ಬೀಜಗಳು ನೂರಾರು. ಹಣ್ಣು ತಿಂದ ಹಕ್ಕಿ, ದನಕರುಗಳ ಹೊಟ್ಟೆಯಲ್ಲಿ ಅವು ಹಾಳಾಗದೆ ಹೊರಬರುತ್ತವೆ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಅದರ ಜೊತೆಗೇ ಬಂದಿರುತ್ತದೆ. ತಿಪ್ಪೆಯ ಒಳಗಿನ ಬಿಸಿ ಕೆಲವು ದಿನವಾದರೂ 55 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತರೆ ಇಂಥ ಬೀಜಗಳಲ್ಲಿ ಹೆಚ್ಚಿನವು ಸಾಯುತ್ತವೆ. ಮನೆಯ ಸಣ್ಣ ಗುಂಡಿಯ ಗೊಬ್ಬರ ಅಷ್ಟು ಕಾಯುವುದು ಕಡಿಮೆ. ಇಲ್ಲವಾದರೆ ಬೀಜ ಮೊದಲೇ ಮಣ್ಣಿನಲ್ಲಿ ಹುದುಗಿದ್ದು, ನೀವು ಮಡಿ ಅಗೆದಾಗ ಮೇಲಕ್ಕೆ ಬಂದು, ಮಳೆಯ ತೇವಕ್ಕೆ ಮೊಳೆತಿರಬಹುದು. ಗಿಡದ ಒಂದು ಹೂವಿಗೆ ಇನ್ನೊಂದು ಗಿಡದ ಪರಾಗ ಬೇಕೆಂದಿಲ್ಲ, ಒಂಟಿ ಗಿಡವೇ ಹೀಗೆ ತುಂಬಾ ಕಟ್ಟುತ್ತದೆ.

ಹಾಗಾದರೆ ಇಟ್ಟುಕೊಳ್ಳುವುದೇ? ನನ್ನ ಮಾತು ಕೇಳುವುದಾದರೆ ಇಟ್ಟುಕೊಳ್ಳಿ, ಆದರೆ ಟೊಮೆಟೊ ಸಾಲಿನಲ್ಲಿ ಬೇಡ. ಇದು ಟೊಮೆಟೊ, ಬದನೆಗಳ ದಾಯಾದಿ. ಅವುಗಳ ರೋಗಗಳೂ ಇದಕ್ಕೆ ಬರುತ್ತವೆ. ಟೊಮೆಟೊ ಎಲೆ ಮುಟುರು ರೋಗದ ವೈರಸ್ಸನ್ನು ಹೊತ್ತು ತಿರುಗುವ ಬಿಳಿನೊಣ ಇದರ ಎಲೆಯಡಿಯಲ್ಲೂ ನೆಲೆಸುತ್ತದೆ. ಬದನೆ ಎಲೆಯ ಹಸಿರನ್ನು ಕೆರೆದು ತಿಂದು ನರಗಳನ್ನಷ್ಟೇ ಉಳಿಸುವ ಚುಕ್ಕೆ ಬೆನ್ನಿನ ದುಂಬಿಗೂ ಇದು ಪ್ರಿಯ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವಿಗೂ ಇದು ಮನೆ. ಟೊಮೆಟೊ ಮುಗಿದ ಮೇಲೆ ಮಣ್ಣಿಗೆ ವಿಶ್ರಾಂತಿ ಕೊಡಲು ನೀವು ಹುರುಳಿಯನ್ನೋ ಬೀನ್ಸನ್ನೋ ಹಾಕುತ್ತೀರಿ ಅಂದುಕೊಳ್ಳಿ. ಆಗ ನಡುವೆ ಈ ಗಿಡ ಉಳಿದಿದ್ದರೆ ಆ ಬದಲಾವಣೆಯ ಲಾಭ ಅರ್ಧ ಹೋಯಿತು. ಬೆಳೆಗಾರರ ಹೊಲದಲ್ಲಿ ಇದೇ ಗಿಡ ಎದ್ದಿದ್ದರೆ ಹೂ ಬಿಡುವ ಮೊದಲೇ ಕೀಳಿ ಎನ್ನುತ್ತಿದ್ದೆ. ಮನೆಯ ಹಿತ್ತಲಿನ ಲೆಕ್ಕ ಬೇರೆ. ಮಗುವಿಗೆ ಗಿಡ ಪರಿಚಯಿಸಲು ಇದಕ್ಕಿಂತ ಚೆನ್ನಾದ್ದು ಸಿಗುವುದು ಕಷ್ಟ.

ಈಗಿರುವ ಗಿಡವನ್ನು ಕಿತ್ತು ಬೇರೆಡೆ ನೆಡಲು ಹೋಗಬೇಡಿ. ಕಾಯಿ ತುಂಬಿದ ಗಿಡ ಬೇರು ಅಲುಗಿದರೆ ಬಾಡುತ್ತದೆ. ಮೊದಲು ಎಲೆಗಳ ಹಿಂಬದಿ ನೋಡಿ. ಎಲೆ ಮುದುಡಿ ಹಳದಿ ತಿರುಗಿದ್ದರೆ, ಅಲ್ಲಾಡಿಸಿದಾಗ ಬಿಳಿನೊಣ ಏಳುತ್ತಿದ್ದರೆ, ಯೋಚನೆ ಮಾಡದೆ ಕಿತ್ತು ಚೀಲಕ್ಕೆ ತುಂಬಿ ಹೊರಹಾಕಿ. ಗಿಡ ಆರೋಗ್ಯವಾಗಿದ್ದರೆ ಟೊಮೆಟೊಗೆ ತಾಗುವ ಕೊಂಬೆಗಳನ್ನಷ್ಟೇ ಕತ್ತರಿಸಿ, ಇರುವ ಕಾಯಿ ಮಾಗಲು ಬಿಡಿ. ಬುಡಕ್ಕೆ ಹಳೆಯ ಗೋಣಿಯೊಂದನ್ನು ಹಾಸಿದರೆ ಉದುರಿದ ಹಣ್ಣು ಮಣ್ಣಿಗೆ ಸೇರದೆ ಸಿಗುತ್ತದೆ, ಮುಂದಿನ ಮಳೆಗೆ ಮಡಿ ತುಂಬಾ ಸಸಿ ಏಳುವ ತಾಪತ್ರಯವೂ ಕಡಿಮೆ. ಟೊಮೆಟೊಗೆ ಕೀಟನಾಶಕ ಹೊಡೆದಿದ್ದರೆ ಇದರ ಮೇಲೂ ಬಿದ್ದಿರುತ್ತದೆ. ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವವರೆಗೆ ಹಣ್ಣು ತಿನ್ನಬೇಡಿ.

ಮುಂದಿನ ವರ್ಷಕ್ಕೆ ಬೇಕೆಂದರೆ ಚೆನ್ನಾಗಿ ಮಾಗಿದ ನಾಲ್ಕೈದು ಹಣ್ಣನ್ನು ನೀರಲ್ಲಿ ಕಿವುಚಿ, ತಳಕ್ಕೆ ಕೂತ ಬೀಜ ಬಸಿದು ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡಿ. ಮುಂಗಾರು ಶುರುವಾದಾಗ ತರಕಾರಿ ಮಡಿಯಿಂದ ದೂರದ ಬೇಲಿಯ ಪಕ್ಕ, ಅಥವಾ ಒಂದು ದೊಡ್ಡ ಕುಂಡದಲ್ಲಿ, ಮೇಲೆಮೇಲೆ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿ. ಹೂವಿನ ಒಳಗನ್ನು ನೋಡಿದ ಮೇಲೆ ಮಚ್ಚೆ ಕಂಡಿತೋ ಇಲ್ಲವೋ ಒಂದು ಸಾಲು ಬರೆಯಿರಿ. ಫೋಟೊ ತೆಗೆಯುವುದಾದರೆ ಹೂವನ್ನು ಎದುರಿನಿಂದ, ಎಲೆಯ ಹಿಂಬದಿಯನ್ನು, ಕಾಂಡವನ್ನು ಹತ್ತಿರದಿಂದ, ಬಿಡಿಸಿದ ಬುಡ್ಡೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ.